ಗಜನಿ ಒಡ್ಡಿನ ಮೇಲೊಂದು ಸೈಕಲ್

ಉತ್ತರ ಕನ್ನಡದ ಕರಾವಳಿಯನ್ನು ಕಂಡು ಬರೆದಿಟ್ಟ ಪರದೇಶದ ಪ್ರವಾಸಿಗರು ಹಲವರು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ, ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಲೆಕ್ಕ ಕೊಟ್ಟಿದ್ದಾನೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿ ಸೇರಿದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಭಟ್ಕಳ, ಹೊನ್ನಾವರ, ಮಿರ್ಜಾನಗಳನ್ನು ಹಾದುಹೋದ. ಇವರಲ್ಲಿ ದೆಲ್ಲ ವಲ್ಲೆ ಬಂದದ್ದು ಮಳೆ ಹಿಂದೆ ಸರಿದ ಮೇಲೆ. ಬುಕಾನನ್ ಬಂದದ್ದು ವರ್ಷಾರಂಭದ ಒಣ ತಿಂಗಳುಗಳಲ್ಲಿ. ಮುಂಗಾರಿನ ಸಮುದ್ರದಲ್ಲಿ ಆಗ ಹಡಗು ನಡೆಯುತ್ತಿರಲಿಲ್ಲ. ಹೀಗಾಗಿ ಪುಸ್ತಕಗಳಲ್ಲಿ ಸಿಗುವ ಈ ಸೀಮೆ ಹೆಚ್ಚಾಗಿ ಮಳೆಯಿಲ್ಲದ ಸೀಮೆ. ಇಂದಿನ ಪ್ರವಾಸಿ ಕೈಪಿಡಿಗಳೂ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಬನ್ನಿ ಎಂದು ಹೇಳಿ ಸುಮ್ಮನಾಗುತ್ತವೆ.

ಕುಮಟಾ, ಹೊನ್ನಾವರ, ಭಟ್ಕಳದ ಹಳ್ಳಿಗಳಿಗೆ ಮಾತ್ರ ವರ್ಷ ಆರಂಭವಾಗುವುದೇ ಮಳೆಯಿಂದ. ವಾಡಿಕೆಯಂತೆ ಮುಂಗಾರು ಇಲ್ಲಿ ಕಾಲಿಡುವುದು ಜೂನ್ 5ರ ಆಸುಪಾಸು. (ವಿಶ್ವ ಸೈಕಲ್ ದಿನ ಜೂನ್ 3. ಯಾರೂ ಉದ್ದೇಶಪಟ್ಟು ಗೊತ್ತುಮಾಡಿದ್ದಲ್ಲ. ಆದರೂ ಈ ಲೇಖನಕ್ಕೆ ಅನುಕೂಲವಾಗಿದೆ.) ವರ್ಷಕ್ಕೆ ಬೀಳುವ 3,000 ಮಿ.ಮೀ.ಗೂ ಮಿಕ್ಕ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿಟ್ಟು, ತಾಳಮದ್ದಳೆ ಮನೆಯ ಜಗಲಿಗೆ ಬರುತ್ತದೆ. ಕೊಂಕಣ ರೈಲು ಕೂಡ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಹಾಕಿಕೊಂಡು ನಿಧಾನವಾಗಿ ಓಡುತ್ತದೆ.

ರೈಲೇ ನಿಧಾನಿಸುವ ಕಾಲದಲ್ಲಿ ಸೈಕಲ್ ಸವಾರನಿಗೆ ಅವಸರವೇಕೆ? ಕುಮಟಾದಿಂದ ಭಟ್ಕಳಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿಲೋಮೀಟರು. ಕಾರಿನಲ್ಲಿ ಕುಳಿತವರಿಗೆ ಸಿಗುವುದು ಅಗೆದ ಗುಡ್ಡ, ಸೇತುವೆ ಮತ್ತು ಮುಂದಿನ ಲಾರಿ ಎರಚುವ ಕೆಸರು. ಊರುಗಳಿರುವುದು ಹೆದ್ದಾರಿಯ ಎರಡೂ ಬದಿಯ ಕವಲುದಾರಿಗಳಲ್ಲಿ. ಆ ದಾರಿಗಳು ಹೊಳೆಯ ದಂಡೆಯಲ್ಲೋ ಗದ್ದೆಯ ಅಂಚಿನಲ್ಲೋ ಅಡಿಕೆ ಮರದ ಸಂಕದ ಬಳಿಯೋ ಮುಗಿಯುತ್ತವೆ. ಸಂಕ ಬಂದಲ್ಲಿ ಹೆಗಲಿಗೇರುವ, ದೋಣಿ ಬಂದಲ್ಲಿ ಮೂಲೆಯಲ್ಲಿ ಒರಗಿ ನಿಲ್ಲುವ ವಾಹನ ಸೈಕಲ್ ಒಂದೇ.

ಕುಮಟಾದಿಂದ ಬಾಡ, ಕಾಗಾಲದ ಮೇಲೆ ಅಘನಾಶಿನಿ ಎಂಬ ಊರಿಗೆ ಹೋಗುವ ದಾರಿ ಅಂಥದು. ಊರಿನ ಹೆಸರೇ ಹೊಳೆಗೆ. ಆಚೆ ದಡದಲ್ಲಿ ತದಡಿ. ಶಿರಸಿಯ ಕಡೆಯಿಂದ ಇಳಿದು ಬರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಪಶ್ಚಿಮಘಟ್ಟದಲ್ಲಿ ಹೀಗೆ ಬಿಡುವಾಗಿ ಹರಿಯುವ ನದಿಗಳು ಈಗ ಕೆಲವೇ. ಅದರ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಅಳಿವೆ ಎಂದರೆ ನದಿ ಸಮುದ್ರ ಸೇರುವ, ಸಿಹಿನೀರು ಉಪ್ಪುನೀರು ದಿನಕ್ಕೆರಡು ಸಲ ಬೆರೆಯುವ ಜಾಗ. ಇಳಿತದ ಹೊತ್ತು ಹೆಂಗಸರು ಬಳಚು ಆರಿಸುವುದು ಇಲ್ಲಿಯೇ.

ಅಳಿವೆಯ ಒಳಬದಿಯಲ್ಲಿ, ಮಾಸೂರು, ಲುಕ್ಕೇರಿ, ಮಾಣಿಕಟ್ಟಾ ಕಡೆಯಲ್ಲಿ, ಮಳೆಗಾಲದ ನಿಜವಾದ ಕೆಲಸ ನೋಡಬಹುದು. ಅಲ್ಲಿರುವವು ಗಜನಿ ಗದ್ದೆಗಳು. ಸಮುದ್ರದ ಉಬ್ಬರಕ್ಕಿಂತ ತಗ್ಗಿನಲ್ಲಿರುವ ನೆಲ. ಸುತ್ತ ಒಡ್ಡು ಕಟ್ಟಿ ಹೊಳೆಯನ್ನು ಹೊರಗಿಟ್ಟಿರುತ್ತಾರೆ. ಒಡ್ಡಿನ ಅಲ್ಲಲ್ಲಿ ಹಲಗೆಯ ಬಾಗಿಲು. ಬೇಸಿಗೆಯಲ್ಲಿ ಒಳಗೆ ಉಪ್ಪುನೀರು. ಜೂನಿನ ಮಳೆ ಬಿದ್ದು ಹೊಳೆ ಸಿಹಿಯಾದಂತೆ, ಇಳಿತದ ಸಮಯ ನೋಡಿ ಬಾಗಿಲು ತೆಗೆದು ಒಳಗಿನ ನೀರನ್ನು ಹೊರಗೆ ಬಿಡುತ್ತಾರೆ, ಉಬ್ಬರ ಏರುವಾಗ ಮುಚ್ಚುತ್ತಾರೆ. ಹೀಗೆ ದಿನವೂ ಮಾಡಿ, ಮೇಲಿನಿಂದ ಬೀಳುವ ಮಳೆಯಿಂದಲೇ ಮಣ್ಣಿನ ಉಪ್ಪನ್ನು ತೊಳೆದು ತೆಗೆಯುವುದು ಇಲ್ಲಿನ ಉಪಾಯ. ಪಂಪಿಲ್ಲ, ಕಾಲುವೆಯಿಲ್ಲ. ತಡವಾಗಿ ಬಂದ ಮುಂಗಾರು ಘಟ್ಟದ ಮೇಲಿನವರಿಗೆ ನೀರಿನ ಚಿಂತೆಯಾದರೆ ಗಜನಿಯವರಿಗೆ ಉಪ್ಪಿನ ಚಿಂತೆ.

ಇಷ್ಟಾದ ಮೇಲೂ ಆ ನೆಲದಲ್ಲಿ ಎಲ್ಲ ಭತ್ತವೂ ಬರುವುದಿಲ್ಲ. ಬರುವುದು ಕಗ್ಗ. ಡಿ.ವಿ.ಜಿ.ಯವರ ಕಗ್ಗಕ್ಕೂ ಇದಕ್ಕೂ ಸಂಬಂಧ ಹುಡುಕಬೇಕಿಲ್ಲ. ಇದು ಭತ್ತದ ತಳಿ. ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಪೈರು ಎತ್ತರಕ್ಕೆ ಬೆಳೆಯುತ್ತದೆ, ಅಷ್ಟಿಷ್ಟು ಉಪ್ಪು ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಮತ್ತೆ ತಲೆಯೆತ್ತುತ್ತದೆ. ಗೊಬ್ಬರ ಹಾಕುವುದಿಲ್ಲ, ಔಷಧ ಹೊಡೆಯುವುದಿಲ್ಲ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆ ಹುಲ್ಲು ಕೊಳೆತು, ಉಬ್ಬರದೊಡನೆ ಒಳಬರುವ ಸಿಗಡಿ, ಮೀನುಗಳಿಗೆ ಮೇವಾಗುತ್ತದೆ. ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಸಿಗಡಿ. ಇದೇ ಕ್ರಮ ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿದೆ. ದೂರದ ವಿಯೆಟ್ನಾಮಿನ ಮೆಕಾಂಗ್ ನದಿ ಸಮುದ್ರ ಸೇರುವಲ್ಲಿಯೂ ಇದೆ. ಮೆಕಾಂಗ್ ಬಯಲಿನ ಗದ್ದೆ ನೋಡಲು ಜಗತ್ತಿನ ಪ್ರವಾಸಿಗರು ಬಾಡಿಗೆ ಸೈಕಲ್ ಹತ್ತುತ್ತಾರೆ. ಕುಮಟಾದ ಗಜನಿಯನ್ನು ಬೆಂಗಳೂರಿನವರೂ ನೋಡಿದಂತಿಲ್ಲ.

ನೋಡುವುದಾದರೆ ಬೇಗ ನೋಡಬೇಕೆನ್ನುವ ಸ್ಥಿತಿ ಈಗಿನದು. ಗಜನಿಯ ಹೊರ ಒಡ್ಡು ಒಬ್ಬರ ಸೊತ್ತಲ್ಲ. ಒಳಗೆ ಎಷ್ಟೋ ಮನೆಗಳ ಹಿಡುವಳಿ. ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಒಬ್ಬನೇ ಬೇಸಾಯ ಮಾಡುತ್ತೇನೆಂದರೂ ಆಗದು, ಏಕೆಂದರೆ ಬಾಗಿಲು ಎಲ್ಲರಿಗೂ ಒಂದೇ. ಮೊದಲು ಊರವರೇ ಕೂಡಿ ಪ್ರತಿ ವರ್ಷ ಮಣ್ಣು ಮೆತ್ತುತ್ತಿದ್ದರು. 1970ರ ದಶಕದಲ್ಲಿ ಸರ್ಕಾರ ಕಾಯಂ ಒಡ್ಡು ಕಟ್ಟಿಸಿತು. ಒಡ್ಡು ಗಟ್ಟಿಯಾಯಿತು, ಊರು ಕೂಡುವ ಕಾರಣ ತಪ್ಪಿತು. ನಂತರ ಸಿಗಡಿಗೆ ಬೆಲೆ ಬಂದು ಕೆಲವು ಕಡೆ ಭತ್ತವನ್ನೇ ಬಿಟ್ಟು ವರ್ಷವಿಡೀ ಉಪ್ಪುನೀರು ನಿಲ್ಲಿಸಿದರು. ಮಕ್ಕಳು ಗೋವಾ, ಬೆಂಗಳೂರು ಸೇರಿದರು. ಮಾಣಿಕಟ್ಟಾದಲ್ಲಿ ರೈತರು ಸಂಘ ಕಟ್ಟಿಕೊಂಡು ಕಗ್ಗವನ್ನು ಒಟ್ಟಾಗಿ ಬೆಳೆದದ್ದರಿಂದಲೇ ತಳಿ ಉಳಿಯಿತು. ಎರಡು ವರ್ಷ ಯಾರೂ ಬಿತ್ತದಿದ್ದರೆ ಹೋದಂತೆಯೇ. ಬಿತ್ತನೆ ಬೀಜ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ಮಣ್ಣಿನ ಒಡ್ಡಿನ ಮೇಲೆ ಹೋಗುವಾಗ ಸೈಕಲ್ಲಿನಿಂದ ಇಳಿಯಬೇಕು. ನೆನೆದ ಮಣ್ಣಿನಲ್ಲಿ ಚಕ್ರ ಕೊರೆದ ಗೀರು ಸಂಜೆಯ ಮಳೆಗೆ ಕಾಲುವೆಯಾಗುತ್ತದೆ.

ಮಳೆಯ ಸವಾರಿಗೆ ಇನ್ನೂ ಕೆಲವು ಎಚ್ಚರಗಳಿವೆ. ಒದ್ದೆಯಾದ ಉಕ್ಕಿನ ರಿಮ್ಮಿಗೆ ಬ್ರೇಕ್ ಹಿಡಿಯುವುದಿಲ್ಲ. ಇಳಿಜಾರಿಗೆ ಮುಂಚೆಯೇ ಒಂದೆರಡು ಸಲ ಒತ್ತಿ ನೀರು ಒರೆಸಿಕೊಳ್ಳಬೇಕು. ಚಿರೇಕಲ್ಲಿನ ಮೇಲೆ ಹಾವಸೆ ಕಟ್ಟಿದ್ದರೆ ತಿರುವಬಾರದು. ಕೆಂಪು ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರ ನಿಂತೇಹೋಗುತ್ತದೆ. ಅದಕ್ಕೊಂದು ಕಡ್ಡಿ ಜತೆಗಿರಬೇಕು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿಯುವ ವಿದ್ಯೆ ಇಲ್ಲಿನ ಶಾಲಾಮಕ್ಕಳಿಗೆ ಸಲೀಸು. ಹೊಸಬರಿಗೆ ಕೊಪ್ಪೆಯೇ ಲೇಸು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿದ ಮೇಲೆ ಈ ಒಳದಾರಿಗಳಲ್ಲಿ ಹುಡುಗಿಯರ ಸಾಲು ಸಾಲು ಸೈಕಲ್ ಕಂಡವು. ಕೋವಿಡ್ ವರ್ಷಗಳಲ್ಲಿ ಆ ಯೋಜನೆ ನಿಂತಿತು.

ಹೊನ್ನಾವರದ ಶರಾವತಿ ಬೇರೆಯೇ ಹೊಳೆ. ಇಲ್ಲಿಂದ ಗೇರುಸೊಪ್ಪೆವರೆಗಿನ ಸುಮಾರು 30 ಕಿಲೋಮೀಟರಿನ ಎರಡು ದಂಡೆಗೂ ಹೊಳೆಸಾಲು ಎಂದು ಹೆಸರು. ತೆಂಗು, ಅಡಿಕೆ, ವೀಳ್ಯದೆಲೆಯ ನೆರಳಿನಲ್ಲಿ ಸಾಗುವ ದಾರಿ. ನಡುವೆ ಮಾವಿನಕುರ್ವೆಯಂಥ ಊರುಗಳು. ಕುರ್ವೆ ಎಂದರೆ ಹೊಳೆ ನಡುವಿನ ನಡುಗಡ್ಡೆ. ಅಘನಾಶಿನಿಯಲ್ಲಿ ನೆರೆ ಬರುವುದು ಮಳೆಯ ಲೆಕ್ಕದಲ್ಲಿ. ಶರಾವತಿಯಲ್ಲಿ ಅದಕ್ಕೆ ಅಣೆಕಟ್ಟಿನ ಲೆಕ್ಕವೂ ಸೇರುತ್ತದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ, ಅದರ ಕೆಳಗೆ ಗೇರುಸೊಪ್ಪೆಯ ಕಟ್ಟೆ. ಎರಡೂ ತುಂಬಿ ಬಾಗಿಲು ತೆರೆದ ದಿನ ಹೊಳೆಸಾಲಿನ ತಗ್ಗಿನ ಮನೆಗಳು ಗಂಟು ಕಟ್ಟಬೇಕು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ ಅದೇ ದಿನ ಬಿದ್ದರೆ ನೀರಿಗೆ ಸಮುದ್ರದ ಕಡೆಯೂ ದಾರಿಯಿಲ್ಲ. ಆದ್ದರಿಂದ ಹೊಳೆಸಾಲಿಗೆ ಹೊರಡುವ ಸವಾರ ಪಂಚಾಂಗ ನೋಡಬೇಕು, ಅಣೆಕಟ್ಟಿನ ಸುದ್ದಿಯನ್ನೂ ಕೇಳಬೇಕು. ದಾರಿಯ ಮೇಲೆ ಹರಿಯುವ ನೀರು ಮೊಣಕಾಲಿನಷ್ಟೇ ಇದ್ದರೂ ಸೈಕಲ್ ಇಳಿಸಬಾರದು.

ಭಟ್ಕಳದಲ್ಲಿ ಪ್ರವಾಸಿಗರು ಮುರ್ಡೇಶ್ವರ ನೋಡಿ ತಿರುಗಿಬಿಡುತ್ತಾರೆ. ಪೇಟೆಯೊಳಗಿನ ಜೈನ ಬಸದಿ, 16ನೇ ಶತಮಾನದ ಖೇತಪೈ ನಾರಾಯಣ ದೇವಸ್ಥಾನಗಳನ್ನು ಮಳೆ ಸುರಿಯುವಾಗಲೇ ನೋಡಬೇಕು. ಬಯಲುಸೀಮೆಯ ಗುಡಿಗಳಂತೆ ಇವಕ್ಕೆ ಮಟ್ಟಸ ಮಾಳಿಗೆಯಿಲ್ಲ. ಹುಲ್ಲಿನ ಮನೆಯ ಮಾಡಿನಂತೆ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಬೇಸಿಗೆಯಲ್ಲಿ ಅದು ಶಿಲ್ಪಿಯ ಚಮತ್ಕಾರವೆನಿಸೀತು. ಜುಲೈನಲ್ಲಿ ಚಪ್ಪಡಿಯಿಂದ ಧಾರೆಯಾಗಿ ನೀರಿಳಿಯುವಾಗ ಬೇರೆ ವಿವರಣೆ ಬೇಕಾಗುವುದಿಲ್ಲ.

ಅದೇ ಭಟ್ಕಳದ ಮುಟ್ಟಳ್ಳಿಯಲ್ಲಿ 2022ರ ಆಗಸ್ಟ್ 2ರಂದು ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. 2024ರ ಜುಲೈ 16ರಂದು ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜರಿದು ಜನ, ವಾಹನಗಳು ಗಂಗಾವಳಿಯ ಪಾಲಾದವು. ಚಿರೇಕಲ್ಲಿನ ಗುಡ್ಡ ಮೇಲೆ ಗಟ್ಟಿ, ಒಳಗೆ ಮೆತ್ತಗಿನ ಜೇಡಿ. ಬುಡ ನೆಟ್ಟಗೆ ಕಡಿದಲ್ಲಿ ನಾಲ್ಕು ದಿನದ ಮಳೆಗೆ ನೀರು ಕುಡಿದ ಜೇಡಿ ಮೇಲಿನ ಭಾರ ಹೊರಲಾರದು. ಕಡಿದ ಗುಡ್ಡದ ಕೆಳಗೆ ಮಳೆಗೆ ನಿಲ್ಲುವುದಕ್ಕಿಂತ ನೆನೆದುಕೊಂಡು ಮುಂದೆ ಹೋಗುವುದು ಮೇಲು.

ಸಂಜೆ ಅಘನಾಶಿನಿಯ ದಂಡೆಗೆ ಮರಳಿದರೆ, ತದಡಿಯ ದೋಣಿ ಬರುವವರೆಗೆ ಕಾಯಬೇಕು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿದ್ದರೆ ದೋಣಿ ಬರುವುದೇ ಇಲ್ಲ. ಆಗ ಬಂದ ದಾರಿಯಲ್ಲೇ ಕುಮಟಾಕ್ಕೆ ಹಿಂತಿರುಗುವುದು. ಗಜನಿಯಲ್ಲಿ ಅಷ್ಟು ಹೊತ್ತಿಗೆ ಉಬ್ಬರಕ್ಕೆ ಬಾಗಿಲು ಮುಚ್ಚಿರುತ್ತಾರೆ.