ಇಲಿ ಕಾಲಿಡದ ದ್ವೀಪ

ಸ್ಕೋಮರ್ ದ್ವೀಪದಲ್ಲಿ ದೋಣಿ ಇಳಿದವರಿಗೆ ನಾವು ಸ್ವಯಂಸೇವಕರು ಮೊದಲು ಹೇಳುವ ಮಾತು, ಕಾಲುದಾರಿ ಬಿಟ್ಟು ಆಚೀಚೆ ಹೋಗಬೇಡಿ ಎಂದು. ಹುಲ್ಲು ಮುಚ್ಚಿದ ಆ ನೆಲ ಮೇಲಿಂದ ಗಟ್ಟಿಯಾಗಿಯೇ ಕಾಣುತ್ತದೆ. ಅಡಿಯಲ್ಲಿ ಮಾತ್ರ ಬಿಲದ ಪಕ್ಕ ಬಿಲ. ತಪ್ಪಿ ಇಟ್ಟ ಒಂದು ಹೆಜ್ಜೆಗೆ ಮಣ್ಣು ಕುಸಿದರೆ ಒಳಗಿದ್ದ ಮರಿ ಅಲ್ಲೇ ಹೂತುಹೋಗುತ್ತದೆ.

ಬ್ರಿಟನ್ನಿನ ವೇಲ್ಸ್ ನಾಡಿನ ನೈರುತ್ಯ ಮೂಲೆಯಲ್ಲಿ, ಪೆಂಬ್ರೋಕ್‌ಷೈರ್ ಕರಾವಳಿಗೆ ತಾಗಿದಂತೆಯೇ ಇದೆ ಈ ದ್ವೀಪ. ವಿಸ್ತೀರ್ಣ 300 ಹೆಕ್ಟೇರಿಗೂ ಕಡಿಮೆ. 1959ರಿಂದ ಇದು ರಾಷ್ಟ್ರೀಯ ನಿಸರ್ಗಧಾಮ. ಕಾರ್ಡಿಫ್‌ನಲ್ಲಿ ನೌಕರಿಯಲ್ಲಿರುವ ನಾನು ಬೇಸಿಗೆಯ ಕೊನೆಗೆ ರಜೆ ಹಾಕಿ ಇಲ್ಲಿ ಒಂದು ವಾರ ದುಡಿಯಲು ಬರುತ್ತೇನೆ. ಅಷ್ಟು ಹೊತ್ತಿಗೆ ಬಣ್ಣದ ಕೊಕ್ಕಿನ ಪಫಿನ್ ಹಕ್ಕಿಗಳು ಸಮುದ್ರಕ್ಕೆ ಹೊರಟುಹೋಗಿರುತ್ತವೆ. ಅವುಗಳಿಗಾಗಿಯೇ ಬರುವವರಿಗೆ ಆಗಸ್ಟ್ ಕೊನೆಯ ದ್ವೀಪ ಖಾಲಿ ಎನಿಸುತ್ತದೆ. ಅದು ಖಾಲಿಯಲ್ಲ. ಲಕ್ಷಾಂತರ ಮರಿಗಳು ಆಗ ಕಾಲಡಿಯಲ್ಲೇ ಇರುತ್ತವೆ.

ಅವು ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿಯ ಮರಿಗಳು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ನೀಳ ರೆಕ್ಕೆಯ ಈ ಹಕ್ಕಿಯ ತೂಕ ಸುಮಾರು 400 ಗ್ರಾಂ. 2018ರ ಗಣತಿಯ ಪ್ರಕಾರ ಸ್ಕೋಮರ್ ಒಂದರಲ್ಲೇ ಸುಮಾರು ಮೂರೂವರೆ ಲಕ್ಷ ಜೋಡಿಗಳಿವೆ. ಜಗತ್ತಿನಲ್ಲಿ ಇವುಗಳ ಅತಿ ದೊಡ್ಡ ನೆಲೆ ಇದೇ. ಹಾಗಿದ್ದೂ ಹಗಲಲ್ಲಿ ದ್ವೀಪದ ಮೇಲೆ ಒಂದೂ ಕಾಣಸಿಗದು. ಕಾಲುಗಳು ದೇಹದ ತೀರಾ ಹಿಂಬದಿಗೆ ಇರುವುದರಿಂದ ನೆಲದ ಮೇಲೆ ಅದು ತೆವಳಬೇಕು. ತೆವಳುವ ಹಕ್ಕಿಗೆ ದೊಡ್ಡ ಕರಿಬೆನ್ನಿನ ಗಲ್ ಹಕ್ಕಿಗಳು ಕಾದೇ ಇರುತ್ತವೆ. ಆದ್ದರಿಂದ ಅಪ್ಪ ಅಮ್ಮ ಎರಡೂ ಕತ್ತಲಾದ ಮೇಲೆಯೇ ಬರುತ್ತವೆ, ಬೆಳದಿಂಗಳಿದ್ದರೆ ಅದೂ ಹಿಂಜರಿಕೆಯಲ್ಲಿ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸರದಿಯಲ್ಲಿ ಐವತ್ತು ದಿನ ಕಾವು, ಮೊಟ್ಟೆಯೊಡೆದ ಮೇಲೆ ಮರಿಗೆ ಬಿಲದೊಳಗೆ ಸುಮಾರು ಎಪ್ಪತ್ತು ದಿನ. ಮೀನು ತಿಂದು ತಿಂದು ಮರಿ ಒಂದು ಹಂತದಲ್ಲಿ ತಾಯಿ ತಂದೆಗಿಂತಲೂ ದಪ್ಪವಾಗುತ್ತದೆ.

ಆಗಸ್ಟ್ ಕೊನೆಯಿಂದ ಈ ಮರಿಗಳು ರಾತ್ರಿ ಹೊತ್ತು ಹೊರಗೆ ಬರತೊಡಗುತ್ತವೆ. ನಾವು ಕೆಂಪು ಬೆಳಕಿನ ಟಾರ್ಚ್ ಹಿಡಿದು ಕೂತಿದ್ದಾಗ ಒಂದು ಮರಿ ನನ್ನ ಬೂಟಿನ ಪಕ್ಕದಲ್ಲೇ ಬಿಲದಿಂದ ಹೊರಗೆ ಬಂತು. ಮೈಮೇಲೆ ಹೊಸ ಗರಿ ಮಿರಿಮಿರಿ ಮಿಂಚುತ್ತಿತ್ತು. ಕುತ್ತಿಗೆ, ಹೊಟ್ಟೆಯ ಮೇಲೆ ಮಾತ್ರ ಹಳೆಯ ಬೂದು ತುಪ್ಪಳ, ಅರಳೆಯ ಚೂರು ಅಂಟಿದ ಹಾಗೆ. ಎದೆಯೂರಿ ತೆವಳುತ್ತ, ಕೊಕ್ಕಿನ ಕೊಕ್ಕೆಯನ್ನು ಕಲ್ಲಿಗೆ ಸಿಕ್ಕಿಸಿ ಮೇಲೆ ಹತ್ತಿತು. ಗಾಳಿಗೆ ಮುಖ ಕೊಟ್ಟು ರೆಕ್ಕೆ ಬಡಿಯಿತು, ನಿಲ್ಲಿಸಿತು, ಮತ್ತೆ ಬಡಿಯಿತು. ಒಮ್ಮೆಯೂ ಸಮುದ್ರ ಕಾಣದ ಜೀವ ಅದು. ಕೆಲವೇ ರಾತ್ರಿಗಳಲ್ಲಿ ದಾರಿ ತೋರಿಸುವವರಿಲ್ಲದೆ ಬ್ರೆಜಿಲ್, ಅರ್ಜೆಂಟೀನಾದ ಕಡಲಿಗೆ ಹೊರಡಬೇಕು.

ಈ ಹಕ್ಕಿಗಳ ದಿಕ್ಕಿನ ಅರಿವಿನ ಬಗ್ಗೆ ಪಕ್ಕದ ಸ್ಕೋಕಮ್ ದ್ವೀಪದ ಪ್ರಸಂಗವೊಂದಿದೆ. 1952ರಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದದ ಕ್ಲಾರಿನೆಟ್ ವಾದಕ ರೊಸಾರಿಯೊ ಮಾಜಿಯೊ ಅಲ್ಲಿನ ಹಕ್ಕಿಯೊಂದನ್ನು ವಿಮಾನದಲ್ಲಿ ಅಮೆರಿಕಕ್ಕೆ ಒಯ್ದು ಬಾಸ್ಟನ್ನಿನಲ್ಲಿ ಹಾರಿಬಿಟ್ಟರು. ಬಿಟ್ಟ ಸುದ್ದಿಯನ್ನು ಪತ್ರದಲ್ಲಿ ಬರೆದರು. ಹನ್ನೆರಡೂವರೆ ದಿನಕ್ಕೆ ಹಕ್ಕಿ ಅಟ್ಲಾಂಟಿಕ್ ದಾಟಿ ತನ್ನ ಬಿಲ ಸೇರಿತ್ತು. ಪತ್ರ ತಲುಪಿದ್ದು ಆಮೇಲೆ.

ಇಂಥ ಹಕ್ಕಿಗೆ ನಮ್ಮಿಂದ ಆಗಬೇಕಾದ ಉಪಕಾರವಾದರೂ ಏನು? ಊರಿನಿಂದ ಅಮ್ಮ ಫೋನಿನಲ್ಲಿ ಇದನ್ನೇ ಬೇರೆ ರೀತಿ ಕೇಳಿದ್ದಳು: "ರಜೆ ಹಾಕಿ ಅಷ್ಟು ದೂರ ಹೋಗಿ ಕಕ್ಕಸು ತೊಳೀತೀಯಾ ಮಗಾ?" ಹೌದು, ಅದೂ ಕೆಲಸವೇ. ಆಳೆತ್ತರ ಬೆಳೆದು ದಾರಿ ಮುಚ್ಚುವ ಬ್ರಾಕನ್ ಎಂಬ ಜರಿಗಿಡ ಸವರಬೇಕು, ದಾರಿಗುಂಟ ಗೂಟ ನೆಡಬೇಕು, ಉಳಿದುಕೊಳ್ಳುವವರ ಕೋಣೆ ಗುಡಿಸಬೇಕು. ದಾರಿ ಸ್ಪಷ್ಟವಾಗಿದ್ದರೆ ಜನ ಬಿಲ ತುಳಿಯುವುದಿಲ್ಲ, ಅಷ್ಟೇ ಅದರ ಗುಟ್ಟು.

ಎಲ್ಲಕ್ಕಿಂತ ದೊಡ್ಡ ಕೆಲಸ ಇಲಿಯನ್ನು ತಡೆಯುವುದು. ಸ್ಕೋಮರ್‌ನಲ್ಲಿ ಹೆಗ್ಗಣ, ಬೆಕ್ಕು ಇಲ್ಲ. ಇಷ್ಟು ಹಕ್ಕಿಗಳು ಬದುಕಿರುವುದೇ ಅದರಿಂದ. ಗಬ್ಬವಾದ ಒಂದೇ ಹೆಣ್ಣಿಲಿ ಯಾರದೋ ಚೀಲದಲ್ಲಿ ಬಂದಿಳಿದರೂ ಸಾಕು, ಬಿಲದೊಳಗಿನ ಮೊಟ್ಟೆ ಮರಿಗಳಿಗೆ ಉಳಿಗಾಲವಿಲ್ಲ. ನನ್ನ ಅಕ್ಕಿ, ಬೇಳೆ, ಹುಳಿಪುಡಿ ಎಲ್ಲವೂ ಬಿಗಿ ಮುಚ್ಚಳದ ಡಬ್ಬಿಗಳಲ್ಲೇ ಹೋಗುತ್ತವೆ. ದೋಣಿ ಹತ್ತುವ ಮೊದಲು ಚೀಲದ ತಳದವರೆಗೂ ನೋಡಿಕೊಳ್ಳುತ್ತೇನೆ. ಉತ್ತರಕ್ಕಿರುವ ರ‍್ಯಾಮ್ಸಿ ದ್ವೀಪದ ಉದಾಹರಣೆ ಕಣ್ಣೆದುರಿಗಿದೆ. 1999-2000ರ ಚಳಿಗಾಲದಲ್ಲಿ ಅಲ್ಲಿನ ಹೆಗ್ಗಣಗಳನ್ನು ಪೂರ್ತಿ ತೆಗೆದರು. ಆಗ ಸುಮಾರು 850 ಜೋಡಿಯಿದ್ದ ಶಿಯರ್‌ವಾಟರ್‌ಗಳು 2016ರ ಹೊತ್ತಿಗೆ ನಾಲ್ಕು ಸಾವಿರ ದಾಟಿದ್ದವು.

ಶಿಯರ್‌ವಾಟರ್ ಮರಿಗಳು ಹೊರಬರುವ ಇದೇ ಸಮಯದಲ್ಲಿ ಸ್ಕೋಮರ್‌ನ ಕಲ್ಲುತೀರಗಳಲ್ಲಿ ಬೂದು ಸೀಲ್‌ಗಳು ಈಯತೊಡಗುತ್ತವೆ. ಬಿಳಿ ತುಪ್ಪಳದ ಮರಿ ಹುಟ್ಟುವಾಗ ಸುಮಾರು 14 ಕಿಲೋ. ತಾಯಿ ಏನೂ ತಿನ್ನದೆ ಮೂರು ವಾರ ಕೊಬ್ಬಿನ ಹಾಲೂಡಿಸಿ ಅದನ್ನು ಮೂರು ಪಟ್ಟು ತೂಕಕ್ಕೆ ತರುತ್ತಾಳೆ. ಬಂಡೆಯ ಮೇಲಿಂದ ದುರ್ಬೀನಿನಲ್ಲಿ ನೋಡಿ ಮರಿಗಳನ್ನು ವಯಸ್ಸಿನ ಪ್ರಕಾರ ಎಣಿಸುತ್ತಾರೆ. ಕೆಳಗಿಳಿದರೆ ತಾಯಿ ಬೆದರಿ ನೀರಿಗೆ ಬೀಳುತ್ತಾಳೆ, ಮರಿ ಹಸಿದುಕೊಂಡಿರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೆಳಕು. ಹೊಸದಾಗಿ ಹಾರುವ ಶಿಯರ್‌ವಾಟರ್ ಮರಿಗಳಿಗೆ ದೀಪ ಕಂಡರೆ ದಿಕ್ಕು ತಪ್ಪುತ್ತದೆ. ಸೆಪ್ಟೆಂಬರಿನ ಬಿರುಗಾಳಿಯಲ್ಲಂತೂ ಒಳನಾಡಿನ ರಸ್ತೆಗಳಲ್ಲಿ, ಕಾರು ನಿಲ್ಲಿಸುವ ಜಾಗಗಳಲ್ಲಿ ಬಂದು ಬೀಳುತ್ತವೆ. ಸಮತಟ್ಟು ನೆಲದಿಂದ ಮತ್ತೆ ಏಳುವುದು ಅವಕ್ಕೆ ಬಲು ಕಷ್ಟ. ದ್ವೀಪದಲ್ಲಿ ಕತ್ತಲಾಗುತ್ತಲೇ ನಾವು ಕಿಟಕಿಗಳಿಗೆ ದಪ್ಪ ಪರದೆ ಎಳೆಯುತ್ತೇವೆ. ಆದರೆ ಎದುರಿನ ಸೇಂಟ್ ಬ್ರೈಡ್ಸ್ ಕೊಲ್ಲಿಯಲ್ಲಿ ಲಂಗರು ಹಾಕಿದ ತೈಲ ಹಡಗುಗಳ ದೀಪ ರಾತ್ರಿಯಿಡೀ ಉರಿಯುತ್ತಿರುತ್ತದೆ. ಸುರಕ್ಷತೆಗೆ ಬೇಕಾದ ದೀಪ ಇರಲಿ. ಉಳಿದದ್ದನ್ನು ಮರಿಗಳು ಹಾರುವ ಆ ಕೆಲವು ವಾರಗಳ ಮಟ್ಟಿಗಾದರೂ ಆರಿಸಬೇಕು, ಆ ಹಡಗಿನ ಕಿಟಕಿಗಳಿಗೂ ಪರದೆ ಬೀಳಬೇಕು. ಅಡುಗೆಮನೆಯಿಂದ ಹಿಡಿದು ಮಲಗುವ ಕೋಣೆವರೆಗೆ ನಾವು ಮಾಡುತ್ತಿರುವುದೂ ಅಷ್ಟನ್ನೇ.