ರಕ್ತದಲ್ಲಿ ಒಂದು ಚಮಚ ಸಕ್ಕರೆ

ಪುಷ್ಯ ಮಾಘಗಳ ದಿನಗಳಲ್ಲಿ ಜಮಖಂಡಿಯ ಸುತ್ತಿನ ಯಾವ ಹಾದಿಯನ್ನು ಹಿಡಿದರೂ ಕಬ್ಬು ಹೇರಿದ ಬಂಡಿಗಳು ಎದುರಾಗುತ್ತವೆ. ಹುನ್ನೂರ ಈ ಸೀಮೆಯ ಊರು. ಕೃಷ್ಣೆಯ ನೀರು, ಕರಿಯ ಮಣ್ಣು, ಎತ್ತಿದ ಕಬ್ಬು, ಗಾಣದ ಮನೆಯ ಕೊಪ್ಪರಿಗೆಯಿಂದೇಳುವ ಹಬೆ: ಇಲ್ಲಿ ಸಿಹಿಯ ಲೆಕ್ಕವೆಂದರೆ ಟನ್ನುಗಳ ಲೆಕ್ಕ. ಆದರೆ ಆ ಬಂಡಿಯ ಮೇಲೆ ಕುಳಿತವನ ಮೈಯೊಳಗಿನ ಲೆಕ್ಕವೇ ಬೇರೆ. ಆರೋಗ್ಯವಂತನಾದ ವಯಸ್ಕನ ರಕ್ತದಲ್ಲಿ ಯಾವುದೇ ಒಂದು ಕ್ಷಣದಲ್ಲಿ ಕರಗಿರುವ ಸಕ್ಕರೆ ನಾಲ್ಕೈದು ಗ್ರಾಂ ಮಾತ್ರ. ಚಹಾಕ್ಕೆ ಹಾಕುವ ಒಂದು ಚಮಚದಷ್ಟು. ಈ ಚಮಚ ಬರಿದಾದರೂ ಅಪಾಯ, ತುಳುಕಿದರೂ ಅಪಾಯ. ಅದನ್ನು ಹಗಲಿರುಳು ಸಮತೋಲದಲ್ಲಿ ಹಿಡಿದಿಡುವುದಕ್ಕಾಗಿಯೇ ಯಕೃತ್ತು, ಮೇದೋಜೀರಕ ಗ್ರಂಥಿ ಮೊದಲಾದವು ದುಡಿಯುತ್ತಿರುತ್ತವೆ.

ಈ ಚಮಚದ ಮುಖ್ಯ ಗಿರಾಕಿ ಮಿದುಳು. ದೇಹದ ತೂಕದಲ್ಲಿ ಅದರ ಪಾಲು ನೂರಕ್ಕೆ ಎರಡು. ದೇಹವು ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ಇಪ್ಪತ್ತು. ದಿನಕ್ಕೆ ಸುಮಾರು 120 ಗ್ರಾಂ ಗ್ಲುಕೋಸು ಅದಕ್ಕೆ ಬೇಕು. ಇಷ್ಟು ದುಬಾರಿಯಾದ ಅಂಗಕ್ಕೆ ರೋಗವೊಂದು ತಗುಲಿ, ಅದೇ ಕೆಲಸಕ್ಕೆ ಹಿಂದಿಗಿಂತ ಹೆಚ್ಚು ಶಕ್ತಿ ಬೇಕಾಗುವಂತಾದರೆ ಏನಾದೀತು? ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವನ್ನು ಕುರಿತು ಈಚಿನ ವರ್ಷಗಳಲ್ಲಿ ವೈದ್ಯರು ಕೇಳುತ್ತಿರುವ ಪ್ರಶ್ನೆಗಳಲ್ಲಿ ಇದೊಂದು.

ರೋಗದ ಪರಿಚಯ ನಮ್ಮಲ್ಲಿ ಅನೇಕರಿಗೆ ಇರಲಾರದು. ನರತಂತುವಿನ ಸುತ್ತ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ವಿದ್ಯುತ್ತಿನ ತಂತಿಗೆ ರಬ್ಬರಿನ ಕವಚವಿದ್ದ ಹಾಗೆ. ದೇಹದ ರಕ್ಷಣೆಗೆಂದು ಇರುವ ಕಣಗಳೇ ದಾರಿ ತಪ್ಪಿ ಈ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕುತ್ತವೆ. ಒಮ್ಮೆ ಕಣ್ಣು ಮಂಜಾದೀತು, ಇನ್ನೊಮ್ಮೆ ಕಾಲು ಜೋಮು ಹಿಡಿದೀತು. ಕೆಲವು ವಾರಗಳಲ್ಲಿ ತಾನಾಗಿ ಇಳಿದೀತು, ಮತ್ತೆ ಮರುಕಳಿಸೀತು. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರೊಳಗಿನ ಪ್ರಾಯದಲ್ಲಿ ತಲೆದೋರುವ ರೋಗ. ಪುರುಷರಿಗಿಂತ ಸ್ತ್ರೀಯರಿಗೆ ಹೆಚ್ಚು. ಇದಕ್ಕೆ ಸ್ಪಷ್ಟವಾದ ರೂಪರೇಖೆ ಕೊಟ್ಟವನು ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಝಾನ್ ಮಾರ್ಟಿನ್ ಶಾರ್ಕೋ, 1868ರಲ್ಲಿ. ತನ್ನ ರೋಗಿಗಳ ನೆನಪು ಕುಂದುವುದನ್ನೂ ವಿಚಾರ ನಿಧಾನವಾಗುವುದನ್ನೂ ಆತ ಅಂದೇ ಗುರುತಿಸಿದ್ದ. ಆದರೂ ಆಮೇಲೆ ಬಹುಕಾಲ ಇದನ್ನು ಕೈಕಾಲುಗಳ ರೋಗವೆಂದೇ ಎಣಿಸಿದರು. ರೋಗಿ ನಡೆಯುವನೇ ಇಲ್ಲವೇ ಎಂದು ಅಳೆದರೇ ಹೊರತು, ಲೆಕ್ಕ ಮಾಡಬಲ್ಲನೇ ಎಂದು ಕೇಳಿದವರು ವಿರಳ. 1991ರಲ್ಲಿ ಅಮೆರಿಕದ ಸ್ಟೀಫನ್ ರಾವ್ ಮತ್ತು ಸಂಗಡಿಗರು ನೂರು ಮಂದಿ ರೋಗಿಗಳನ್ನು ನೂರು ಮಂದಿ ಆರೋಗ್ಯವಂತರೊಡನೆ ಹೋಲಿಸಿ ನೋಡಿದಾಗ, ರೋಗಿಗಳಲ್ಲಿ ನೂರಕ್ಕೆ 43 ಮಂದಿಯ ಬುದ್ಧಿಶಕ್ತಿಯಲ್ಲಿ ಊನ ಕಂಡುಬಂತು.

ಊನವೆಂದೊಡನೆ ಮರುಳೆಂದು ತಿಳಿಯಬಾರದು. ಹುನ್ನೂರಿನಂತಹ ಊರಿನ ಶಾಲೆಯ ಒಬ್ಬ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳೋಣ. ಆಕೆಗೆ ಪಾಠವೆಲ್ಲ ಬರುತ್ತದೆ. ಮಾತು ಸ್ಪಷ್ಟ, ನಡಿಗೆಯೂ ಸರಿ. ಆದರೆ ಒಂದು ಕಡೆ ಹಾಜರಿ ಕೂಗುತ್ತ ಇನ್ನೊಂದು ಕಡೆ ಹುಡುಗನ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಎಳೆ ತಪ್ಪುತ್ತದೆ. ಅಂಕಪಟ್ಟಿಯನ್ನು ಕೂಡಿಸಲು ಹಿಂದೆ ಅರ್ಧ ಗಂಟೆ ಸಾಕಾಗುತ್ತಿತ್ತು, ಈಗ ಸಂಜೆಯಾಗುತ್ತದೆ. ಸಹೋದ್ಯೋಗಿಗಳು ‘ಲಕ್ಷ್ಯವಿಲ್ಲ’ ಎನ್ನುತ್ತಾರೆ. ಮನೆಯವರು ‘ಚಿಂತೆ ಹೆಚ್ಚು’ ಎನ್ನುತ್ತಾರೆ. ಕುಂಟುವವನಿಗೆ ಜನ ದಾರಿ ಬಿಡುತ್ತಾರೆ. ಯೋಚನೆ ಕುಂಟಿದರೆ ಬಿಡುವವರಾರು? ಈ ರೋಗದಲ್ಲಿ ಅನೇಕ ವೇಳೆ ಮೊದಲು ತಗ್ಗುವುದು ಬುದ್ಧಿಯಲ್ಲ, ಬುದ್ಧಿಯ ವೇಗ.

ವೇಗ ಏಕೆ ತಗ್ಗುತ್ತದೆಂಬುದರಲ್ಲಿ ಸಕ್ಕರೆಯ ಕಥೆ ಹುದುಗಿದೆ. ಹೊದಿಕೆಯಿರುವ ತಂತುವಿನಲ್ಲಿ ಸಂಕೇತವು ಗೆಣ್ಣಿನಿಂದ ಗೆಣ್ಣಿಗೆ ಹಾರುತ್ತ ಹೋಗುತ್ತದೆ. ಕಬ್ಬಿನ ಗೆಣ್ಣು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊದಿಕೆ ಹೋದಲ್ಲಿ ಅದು ತೆವಳಬೇಕು. ಪ್ರತಿ ಸಂಕೇತದ ತರುವಾಯ ಒಳನುಗ್ಗಿದ ಸೋಡಿಯಮ್ಮನ್ನು ಹೊರಹಾಕುವ ಪಂಪಿಗೆ ಆಗ ಇಮ್ಮಡಿ ಮುಮ್ಮಡಿ ದುಡಿತ, ಅದಕ್ಕೆ ತಕ್ಕಷ್ಟು ಇಂಧನ. ಅಷ್ಟೇ ಅಲ್ಲ, ಮೈಲಿನ್ ನೇಯುವ ಕೋಶಗಳು ತಂತುವಿಗೆ ಲ್ಯಾಕ್ಟೇಟ್ ಎಂಬ ರೂಪದಲ್ಲಿ ಆಹಾರವನ್ನೂ ಒದಗಿಸುತ್ತವೆಂದು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ಗೊತ್ತಾಯಿತು. ಎಂದರೆ ಹೊದಿಕೆ ಕಿತ್ತುಹೋದಾಗ ಖರ್ಚು ಏರುತ್ತದೆ, ಊಟ ಬಡಿಸುವ ಕೈಯೂ ಬೀಳುತ್ತದೆ. 2000ದಲ್ಲಿ ಡೆನ್ಮಾರ್ಕಿನ ಸಂಶೋಧಕರು ರೋಗಿಗಳ ಮಿದುಳು ಗ್ಲುಕೋಸನ್ನು ಎಷ್ಟು ಬಳಸುತ್ತದೆಂಬುದನ್ನು ಚಿತ್ರಣದಿಂದ ಅಳೆದರು: ಮಿದುಳಿನ ತೊಗಟೆಯಲ್ಲಿ ಬಳಕೆ ಎಷ್ಟು ಕುಗ್ಗಿತ್ತೋ ಬುದ್ಧಿಶಕ್ತಿಯ ಊನವೂ ಅದಕ್ಕೆ ಹೊಂದಿಕೊಂಡಿತ್ತು.

ಹಾಗಾದರೆ ಬೆಲ್ಲ ಹೆಚ್ಚು ತಿಂದರೆ ಸರಿಹೋದೀತೇ? ಮೋಸವಿರುವುದು ಇಲ್ಲಿಯೇ. ಕಾಲುವೆ ತುಂಬಿ ಹರಿಯುತ್ತಿರುವಾಗಲೂ ತುದಿಯ ಹೊಲ ಒಣಗಿರುವುದನ್ನು ನಮ್ಮ ರೈತರು ಬಲ್ಲರು. ನಡುವಿನ ತೂಬು ಕೆಟ್ಟಿದ್ದರೆ ಮೇಲಿನಿಂದ ನೀರು ಹೆಚ್ಚು ಬಿಟ್ಟು ಪ್ರಯೋಜನವಿಲ್ಲ. ದಂಡೆ ಕೊರೆದೀತು, ಅಷ್ಟೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಮಿದುಳಿನ ಸಣ್ಣ ರಕ್ತನಾಳಗಳು ಕೆಡುತ್ತವೆ. ಮಧುಮೇಹವೊಂದೇ ಇದ್ದವರಲ್ಲಿಯೂ ವಿಚಾರದ ವೇಗ ತಗ್ಗುವುದುಂಟು. ಎರಡು ಬೇರೆ ರೋಗಗಳು ಬೇರೆ ಬೇರೆ ಬಾಗಿಲಿನಿಂದ ಬಂದು ಒಂದೇ ಪೆಟ್ಟಿಗೆಗೆ ಕೈ ಹಾಕಿದಂತಾಯಿತು.

ಕೆನಡಾದ ರೂತ್ ಆನ್ ಮೇರಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂತಹದು. ಸುಮಾರು 9,000 ರೋಗಿಗಳು ಕೊಟ್ಟ ಮಾಹಿತಿ ಅದಕ್ಕೆ ಆಧಾರ. ಮಧುಮೇಹ, ರಕ್ತದೊತ್ತಡ, ಹೃದ್ರೋಗ ಮೊದಲಾದ ರಕ್ತನಾಳಗಳ ಕಾಯಿಲೆ ರೋಗ ಗೊತ್ತಾಗುವಾಗ ಇಲ್ಲದವರಿಗೆ ನಡೆಯಲು ಆಸರೆ ಬೇಕಾದದ್ದು ಸರಾಸರಿಯಲ್ಲಿ 18.8 ವರ್ಷಗಳ ಮೇಲೆ, ಇದ್ದವರಿಗೆ 12.8 ವರ್ಷಗಳಲ್ಲಿಯೇ. ಆರು ವರ್ಷಗಳ ಅಂತರ! ಇದು ನಡಿಗೆಯ ಲೆಕ್ಕ, ಬುದ್ಧಿಯದಲ್ಲ ಎಂಬುದನ್ನು ಮರೆಯಬಾರದು. ಈ ರೋಗಿಗಳಲ್ಲಿ ಇನ್ಸುಲಿನ್ ಸರಿಯಾಗಿ ನಾಟದಿರುವುದನ್ನು ಕಂಡ ಅಧ್ಯಯನಗಳಿವೆಯಾದರೂ ಅವು ಚಿಕ್ಕವು. ನಡೆಯಲಾರದವನು ಕೂತಿರುತ್ತಾನೆ, ಕೂತವನಿಗೆ ಸಕ್ಕರೆ ಏರುತ್ತದೆ; ಕಾರಣ ಯಾವುದು, ಕಾರ್ಯ ಯಾವುದು ಎಂಬ ತರ್ಕ ಇನ್ನೂ ಮುಗಿದಿಲ್ಲ. ಸಿಹಿ ಬಿಟ್ಟರೆ ರೋಗವೇ ಹೋಗುತ್ತದೆಂದು ಸಾರುವವರ ಮಾತಿಗೆ ಆಧಾರವಿಲ್ಲ.

ಚಿಕಿತ್ಸೆಯೇ ಸಕ್ಕರೆಯನ್ನು ಕೆದಕುವ ಒಂದು ಸಂದರ್ಭವಂತೂ ನಿಶ್ಚಿತ. ರೋಗ ಮರುಕಳಿಸಿದಾಗ ಮೂರರಿಂದ ಐದು ದಿನ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯಿಡನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುವ ರೂಢಿಯಿದೆ. ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ಒಳಕ್ಕೆ ನೂಕಲೂಬಹುದು. ಇನ್ನೊಂದು ತುದಿಯೂ ಉಂಟು. ಮಧುಮೇಹದ ಮದ್ದು ಹೆಚ್ಚಾಗಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಕಣ್ಣು ಮಂಜು, ಕಾಲಿಗೆ ಬಲವಿಲ್ಲ, ಮಾತಿನಲ್ಲಿ ಗೊಂದಲ. ಇವೆಲ್ಲ ರೋಗ ಮರುಕಳಿಸಿದ್ದರ ಲಕ್ಷಣಗಳಂತೆಯೇ ತೋರುತ್ತವೆ. ಬೇಸಗೆಯೂ ಇದೇ ವೇಷ ಹಾಕುತ್ತದೆ. ಶ್ರಮಪಟ್ಟ ಮೇಲೆ ರೋಗಿಗಳ ಕಣ್ಣು ಮಂಜಾಗುವುದನ್ನು ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲಿಯೇ ಬರೆದಿಟ್ಟಿದ್ದ. ಅದು ಶ್ರಮಕ್ಕಿಂತ ಮೈಯ ಕಾವಿನ ಕಾರಣವೆಂದು ಆಮೇಲೆ ತಿಳಿಯಿತು. ನಮ್ಮ ಸೀಮೆಯ ಚೈತ್ರ ವೈಶಾಖಗಳ ಬಿಸಿಲನ್ನು ಊಟ್‌ಹಾಫ್ ಕಂಡಿರಲಾರ!

ಮಧುಮೇಹದ ಹಳೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಈಗ ಈ ರೋಗದ ಅಂಗಳಕ್ಕೂ ಬಂದಿದೆ. ಮುದಿ ಇಲಿಗಳಲ್ಲಿ ಮೈಲಿನ್ ನೇಯುವ ಕೋಶಗಳ ಶಕ್ತಿಯನ್ನು ಅದು ಮರಳಿಸುತ್ತದೆಂದು ಕೇಂಬ್ರಿಜ್ಜಿನ ಸಂಶೋಧಕರು 2019ರಲ್ಲಿ ತೋರಿಸಿದರು. ಬಳಿಕ 70 ಮಂದಿ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2025ರಲ್ಲಿ ಹೊರಬಂತು. ಅದನ್ನು ಇನ್ನೊಂದು ಔಷಧದೊಡನೆ ಆರು ತಿಂಗಳು ಸೇವಿಸಿದವರಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ಸಂಕೇತದ ವೇಗ ಉಳಿದುಕೊಂಡಿತು, ಸೇವಿಸದವರಲ್ಲಿ ತುಸು ತಗ್ಗಿತು. ರೋಗಿಗಳ ಅನುಭವಕ್ಕೆ ಮಾತ್ರ ಯಾವ ವ್ಯತ್ಯಾಸವೂ ಬರಲಿಲ್ಲ. ಆಸೆಗೆ ಎಡೆಯಿದೆ, ಆತುರಕ್ಕಿಲ್ಲ.

ಇದೆಲ್ಲ ಪರದೇಶದ ಮಾತಾಯಿತೆಂದು ವಾಚಕರು ಹೇಳಬಹುದು. ಭಾರತದಲ್ಲಿ ಈ ರೋಗ ಇಲ್ಲವೆಂಬಷ್ಟು ಅಪರೂಪವೆಂದು ಬಹುಕಾಲ ನಂಬಿದ್ದರು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರು ಇಂತಹ ರೋಗಿಗಳ ದಾಖಲೆಪಟ್ಟಿಯೊಂದನ್ನು ಕಟ್ಟಿ, ನಗರದಲ್ಲಿ ಲಕ್ಷಕ್ಕೆ ಸುಮಾರು ಎಂಟು ಮಂದಿಗೆ ಈ ರೋಗವಿದೆಯೆಂದು 2014ರಲ್ಲಿ ಪ್ರಕಟಿಸಿದರು. ಹುಡುಕಿದಲ್ಲಿ ಸಿಕ್ಕಿತು, ಅಷ್ಟೆ. ಇತ್ತ ಮಧುಮೇಹವನ್ನು ಹುಡುಕಬೇಕಾಗಿಯೇ ಇಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ 10 ಕೋಟಿಗೂ ಮಿಕ್ಕಿದ ಮಧುಮೇಹಿಗಳಿದ್ದಾರೆ. ಅಪರೂಪದ ರೋಗವೊಂದು ಇಂತಹ ನೆಲದಲ್ಲಿ ತಲೆಯೆತ್ತಿದಾಗ ಇನ್ನೊಂದರ ಜೊತೆ ಸೇರುವ ಸಂಭವ ಕಡಿಮೆಯೇನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಲ್ಟಿಪಲ್ ಸ್ಕ್ಲೆರೋಸಿಸ್ಸನ್ನು ಹೆಸರಿಸಿದೆ. ಆದರೆ ಕಣ್ಣಿಗೆ ಕಾಣದ ಮಂದಗತಿಯನ್ನು ಮಂಡಿಸುವುದು ಸುಲಭವಲ್ಲ.

ಮಿದುಳಿನ ಚಿತ್ರ ತೆಗೆಸಲು, ನರತಜ್ಞರನ್ನು ಕಾಣಲು ನಮ್ಮ ಶಿಕ್ಷಕಿ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕು. ಸಕ್ಕರೆಯ ಪರೀಕ್ಷೆಗೆ ಬೆರಳ ತುದಿಯ ಒಂದು ತೊಟ್ಟು ರಕ್ತ ಸಾಕು, ಅದು ಊರಲ್ಲೇ ಆದೀತು. ಬುದ್ಧಿಯ ವೇಗವನ್ನಳೆಯಲು ತಜ್ಞರು ಹೆಚ್ಚಾಗಿ ಬಳಸುವ ಪರೀಕ್ಷೆಗೂ ದೊಡ್ಡ ಯಂತ್ರವೇನಿಲ್ಲ. ಒಂದು ಹಾಳೆಯ ಮೇಲೆ ಒಂಬತ್ತು ಚಿಹ್ನೆಗಳು, ಒಂದೊಂದಕ್ಕೆ ಒಂದೊಂದು ಅಂಕಿ. ಕೆಳಗೆ ಚಿಹ್ನೆಗಳ ಸಾಲು. ತೊಂಬತ್ತು ಸೆಕೆಂಡಿನಲ್ಲಿ ಎಷ್ಟಕ್ಕೆ ಸರಿಯಾದ ಅಂಕಿ ಹೇಳಿದಳೆಂದು ಎಣಿಸುವುದು. ಅವಳು ತಪ್ಪು ಹೇಳುವುದು ವಿರಳ. ಗಡಿಯಾರ ನಿಂತಾಗ ಸಾಲು ಇನ್ನೂ ಉಳಿದಿರುತ್ತದೆ.