ಟೈಟಾನಿಕ್: ನೋಡಬಹುದು, ಮುಟ್ಟಬಾರದು

1985ರ ಸೆಪ್ಟೆಂಬರ್ 1. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಮಧ್ಯರಾತ್ರಿ ಕಳೆದು ಸುಮಾರು ಒಂದು ಗಂಟೆಯಾಗಿತ್ತು. ‘ನಾರ್’ ಎಂಬ ಸಂಶೋಧನಾ ಹಡಗಿನ ಕೋಣೆಯೊಂದರಲ್ಲಿ ಕೆಲವರು ಟಿ.ವಿ. ಪರದೆಯನ್ನೇ ದಿಟ್ಟಿಸುತ್ತ ಕುಳಿತಿದ್ದರು. ಉದ್ದನೆಯ ಕೇಬಲ್‌ಗೆ ಕಟ್ಟಿ ಇಳಿಬಿಟ್ಟಿದ್ದ ‘ಆರ್ಗೊ’ ಎಂಬ ಕ್ಯಾಮೆರಾ ಬಂಡಿ ಸಾಗರತಳದ ಚಿತ್ರಗಳನ್ನು ಮೇಲಕ್ಕೆ ಕಳುಹಿಸುತ್ತಿತ್ತು. ಅಲ್ಲಿಯವರೆಗೆ ಕಂಡದ್ದು ಬರೀ ಕೆಸರು. ಇದ್ದಕ್ಕಿದ್ದಂತೆ ಲೋಹದ ಚೂರುಗಳು ಕಾಣಿಸಿದವು. ಹಿಂದೆಯೇ ದುಂಡನೆಯ ಭಾರಿ ಬಾಯ್ಲರ್ ಒಂದು ಕಂಡಿತು. ಟೈಟಾನಿಕ್ ಸಿಕ್ಕಿತ್ತು!

ಎಲ್ಲರೂ ಕುಣಿದಾಡಿದರು. ಅಷ್ಟರಲ್ಲಿ ಯಾರೋ ಗಡಿಯಾರದತ್ತ ಬೆರಳು ತೋರಿಸಿದರು. ಟೈಟಾನಿಕ್ ಮುಳುಗಿದ ಹೊತ್ತು ಸಮೀಪಿಸುತ್ತಿತ್ತು. 1912ರ ಏಪ್ರಿಲ್ 15ರಂದು, ಅಂಥದೇ ಅಪರಾತ್ರಿ 2 ಗಂಟೆ 20 ನಿಮಿಷಕ್ಕೆ ಆ ಹಡಗು ಸುಮಾರು 1,500 ಜನರೊಡನೆ ಮುಳುಗಿತ್ತು. ನಗು ನಿಂತಿತು. ಎಲ್ಲರೂ ಹಡಗಿನ ಹಿಂಭಾಗಕ್ಕೆ ಹೋಗಿ ಕೆಲ ನಿಮಿಷ ಮೌನವಾಗಿ ನಿಂತರು.

ತಾವು ಕಂಡುಹಿಡಿದದ್ದು ನಿಧಿಯನ್ನೋ, ಸಮಾಧಿಯನ್ನೋ? ಅಂದು ಎದ್ದ ಆ ಪ್ರಶ್ನೆ ಇನ್ನೂ ಮುಗಿದಿಲ್ಲ.

ಹುಡುಕಿದ್ದು ಹೇಗೆ?

ಶೋಧದ ನಾಯಕರು ಅಮೆರಿಕದ ವುಡ್ಸ್ ಹೋಲ್ ಸಾಗರಶಾಸ್ತ್ರ ಸಂಸ್ಥೆಯ ರಾಬರ್ಟ್ ಬಲ್ಲಾರ್ಡ್ ಮತ್ತು ಫ್ರಾನ್ಸಿನ ಜಾನ್-ಲೂಯಿ ಮಿಶೆಲ್. ಮೊದಲು ಫ್ರೆಂಚರು ಶಬ್ದತರಂಗಗಳನ್ನು ಬಳಸುವ ಸೋನಾರ್ ಉಪಕರಣದಿಂದ, ಹೊಲ ಉಳುವಂತೆ ಸಾಲುಸಾಲಾಗಿ ವಾರಗಟ್ಟಲೆ ಹುಡುಕಿದರು. ಹಡಗು ಸಿಗಲಿಲ್ಲ. ಬಲ್ಲಾರ್ಡ್ ಅವರ ಸರದಿ ಬಂದಾಗ ಉಳಿದಿದ್ದುದು ಸುಮಾರು 12 ದಿನ ಮಾತ್ರ. ಅವರು ಬೇರೊಂದು ಉಪಾಯ ಹೂಡಿದರು.

ಕಣದಲ್ಲಿ ರಾಶಿ ತೂರುವುದನ್ನು ನೀವು ನೋಡಿರಬಹುದು. ಗಟ್ಟಿ ಕಾಳು ನೇರ ಕೆಳಗೆ ಬೀಳುತ್ತದೆ, ಹೊಟ್ಟು ಗಾಳಿಗೆ ದೂರ ಹೋಗುತ್ತದೆ. ಮುಳುಗುವ ಹಡಗಿನಿಂದ ಚೆಲ್ಲಿದ ವಸ್ತುಗಳೂ ಹಾಗೆಯೇ. ಭಾರದವು ನೇರ ಇಳಿಯುತ್ತವೆ, ಹಗುರವಾದವು ಪ್ರವಾಹದೊಡನೆ ತೇಲಿ ದೂರ ಹರಡುತ್ತವೆ. ಆದ್ದರಿಂದ ಹಡಗಿಗಿಂತ ಅದರ ಚೂರುಗಳ ಜಾಡು ಬಲು ದೊಡ್ಡದು. ಅಮೆರಿಕದ ನೌಕಾಪಡೆಗಾಗಿ ‘ಸ್ಕಾರ್ಪಿಯನ್’ ಎಂಬ ಮುಳುಗಿದ ಜಲಾಂತರ್ಗಾಮಿಯನ್ನು ಪರೀಕ್ಷಿಸುವಾಗ ಬಲ್ಲಾರ್ಡ್ ಕಲಿತ ಪಾಠವಿದು. ಅವರು ಹಡಗನ್ನು ಬಿಟ್ಟು ಜಾಡನ್ನು ಹುಡುಕಿದರು. ಜಾಡು ಹಡಗನ್ನು ತೋರಿಸಿತು.

ಉಗುರಿನ ಮೇಲೆ ನಾಲ್ಕು ಮೂಟೆ

ಟೈಟಾನಿಕ್ ಇರುವುದು ಸುಮಾರು 3,800 ಮೀಟರ್ ಆಳದಲ್ಲಿ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಒಂದು ವಾಯುಭಾರದಷ್ಟು ಹೆಚ್ಚುತ್ತದೆ. ಲೆಕ್ಕ ಹಾಕಿ ನೋಡಿ: ಅಲ್ಲಿ ಒಂದು ಚದರ ಸೆಂಟಿಮೀಟರಿನ ಮೇಲೆ, ಅಂದರೆ ಒಂದು ಉಗುರಿನಷ್ಟು ಜಾಗದ ಮೇಲೆ, ಕ್ವಿಂಟಲ್ ತೂಕದ ನಾಲ್ಕು ಅಕ್ಕಿ ಮೂಟೆಗಳನ್ನು ಹೇರಿದಷ್ಟು ಭಾರ! ಸೂರ್ಯನ ಬೆಳಕು ಅಲ್ಲಿಗೆ ತಲುಪುವುದೇ ಇಲ್ಲ.

1986ರಲ್ಲಿ ಬಲ್ಲಾರ್ಡ್ ‘ಆಲ್ವಿನ್’ ಎಂಬ ಮೂವರು ಹಿಡಿಸುವ ಪುಟ್ಟ ನೌಕೆಯಲ್ಲಿ ಅಲ್ಲಿಗೆ ಇಳಿದರು. ತಳ ಮುಟ್ಟಲು ಸುಮಾರು ಎರಡೂವರೆ ಗಂಟೆ ಬೇಕಾಯಿತು. ಇಂಥ ಆಳದಲ್ಲಿ ಅಜಾಗರೂಕತೆಗೆ ಕ್ಷಮೆಯಿಲ್ಲ. 2023ರ ಜೂನ್ 18ರಂದು ಟೈಟಾನಿಕ್ ನೋಡಲು ಹೊರಟ ‘ಟೈಟನ್’ ನೌಕೆ ಒತ್ತಡಕ್ಕೆ ಒಳಕುಸಿದು ಅದರಲ್ಲಿದ್ದ ಐವರೂ ಸತ್ತರು.

ಜೋಡಿ ಬೂಟುಗಳು

ತಳದಲ್ಲಿ ಅಸ್ಥಿಪಂಜರಗಳು ಕಾಣಲಿಲ್ಲ. ದೇಹದ ಮೃದುಭಾಗವನ್ನು ಜಲಚರಗಳು ತಿಂದು ಮುಗಿಸಿದ್ದವು. ಆ ಆಳದ ತಣ್ಣೀರಿನಲ್ಲಿ ಮೂಳೆಗಳೂ ಕ್ರಮೇಣ ಕರಗುತ್ತವೆ. ಆದರೆ ಅಲ್ಲಲ್ಲಿ ಬೂಟುಗಳು ಜೋಡಿಯಾಗಿ ಬಿದ್ದಿದ್ದವು. ಚರ್ಮ ಹದ ಮಾಡಲು ಬಳಸಿದ ಟ್ಯಾನಿನ್‌ನಿಂದಾಗಿ ಅವುಗಳನ್ನು ಯಾವ ಜೀವಿಯೂ ತಿಂದಿರಲಿಲ್ಲ. ಒಂದು ಜೊತೆ ಬೂಟು ಒಟ್ಟಿಗೆ ಬಿದ್ದಿದೆಯೆಂದರೆ, ಅಲ್ಲಿ ಒಬ್ಬ ಮನುಷ್ಯ ಮಲಗಿದ್ದಿರಬಹುದು.

ಬಲ್ಲಾರ್ಡ್ ಏನನ್ನೂ ಮೇಲಕ್ಕೆ ತರಲಿಲ್ಲ. ಸತ್ತವರ ನೆನಪಿಗೆ ಒಂದು ಫಲಕ ಇಟ್ಟು ಬಂದರು. ಆದರೆ 1987ರಿಂದ ಬೇರೆಯವರು ವಸ್ತುಗಳನ್ನು ಎತ್ತತೊಡಗಿದರು. ಈವರೆಗೆ ಸುಮಾರು 5,500 ವಸ್ತುಗಳು ಮೇಲೆ ಬಂದಿವೆ. ಏಳು ವರ್ಷದ ಬಾಲಕಿಯಾಗಿದ್ದಾಗ ಆ ಹಡಗಿನಲ್ಲೇ ತಂದೆಯನ್ನು ಕಳೆದುಕೊಂಡು ಬದುಕುಳಿದ ಈವಾ ಹಾರ್ಟ್ ಇದನ್ನು ಕಟುವಾಗಿ ವಿರೋಧಿಸಿದರು. ಅವರ ಪಾಲಿಗೆ ಅದು ತಂದೆಯ ಸಮಾಧಿ.

ಎತ್ತುವವರಿಗೂ ಒಂದು ವಾದವಿದೆ. ಹಡಗು ಹೇಗೂ ನಾಶವಾಗುತ್ತಿದೆ, ಸಿಕ್ಕಷ್ಟನ್ನು ಉಳಿಸಿಕೊಂಡರೆ ಮುಂದಿನವರು ನೋಡಬಹುದು ಎನ್ನುತ್ತಾರೆ. ಅದರಲ್ಲಿ ಸತ್ಯವೂ ಇದೆ. ತುಕ್ಕು ಹಿಡಿಸುವ ಬ್ಯಾಕ್ಟೀರಿಯಾಗಳು ಹಡಗಿನ ಉಕ್ಕನ್ನು ತಿನ್ನುತ್ತಿವೆ. ಅದರ ತುಕ್ಕಿನಲ್ಲಿ ಸಿಕ್ಕ ಹೊಸ ಪ್ರಭೇದವೊಂದಕ್ಕೆ 2010ರಲ್ಲಿ ‘ಹ್ಯಾಲೊಮೊನಾಸ್ ಟೈಟಾನಿಕೆ’ ಎಂದೇ ಹೆಸರಿಡಲಾಯಿತು. ಹಡಗಿನ ಮೂತಿಯ ಕಟಾಂಜನದ ಒಂದು ದೊಡ್ಡ ತುಂಡು ಕಳಚಿ ಬಿದ್ದಿರುವುದು 2024ರ ಚಿತ್ರಗಳಲ್ಲಿ ಕಂಡುಬಂತು.

ಕಾನೂನು ಮತ್ತು ಕ್ಯಾಮೆರಾ

ನೂರು ವರ್ಷ ನೀರಿನಲ್ಲಿದ್ದ ಅವಶೇಷಗಳನ್ನು ಸಾಧ್ಯವಾದಷ್ಟು ಇದ್ದಲ್ಲಿಯೇ ಕಾಪಾಡಬೇಕು, ವ್ಯಾಪಾರಕ್ಕೆ ಬಳಸಬಾರದು ಎಂದು ಯುನೆಸ್ಕೋದ 2001ರ ಒಪ್ಪಂದ ಹೇಳುತ್ತದೆ. ಟೈಟಾನಿಕ್ 2012ರಲ್ಲಿ ಅದರ ವ್ಯಾಪ್ತಿಗೆ ಬಂತು. ಹಡಗಿನೊಳಗೆ ಪ್ರವೇಶಿಸಲು, ವಸ್ತುಗಳನ್ನು ತೆಗೆಯಲು ತಮ್ಮವರು ಅನುಮತಿ ಪಡೆಯಬೇಕೆಂಬ ಬ್ರಿಟನ್ ಮತ್ತು ಅಮೆರಿಕ ನಡುವಿನ ಒಪ್ಪಂದ 2019ರಲ್ಲಿ ಜಾರಿಗೆ ಬಂತು.

ಮುಟ್ಟದೆಯೂ ಉಳಿಸಿಕೊಳ್ಳಬಹುದು ಎಂಬುದನ್ನು ವಿಜ್ಞಾನ ತೋರಿಸಿಕೊಟ್ಟಿದೆ. 2022ರಲ್ಲಿ ಯಂತ್ರನೌಕೆಗಳು ಇಡೀ ಅವಶೇಷದ 7 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದವು. ಅವುಗಳನ್ನು ಜೋಡಿಸಿ ಕಂಪ್ಯೂಟರಿನಲ್ಲಿ ಹಡಗಿನ ತದ್ರೂಪು ಸಿದ್ಧಪಡಿಸಲಾಯಿತು. ಅಲ್ಲಿನ ಯಾವ ವಸ್ತುವನ್ನೂ ಮುಟ್ಟುವಂತಿರಲಿಲ್ಲ.

ವಸ್ತುಸಂಗ್ರಹಾಲಯದಲ್ಲಿ ‘ಮುಟ್ಟಬೇಡಿ’ ಎಂಬ ಫಲಕ ಕಂಡಾಗ ಮಕ್ಕಳಿಗೆ ಕೈ ತುರಿಸುವುದು ಸಹಜ. ಸಾಗರತಳದಲ್ಲಿ ತಡೆಯಲು ಕಾವಲುಗಾರನಿಲ್ಲ. ಇರುವುದು ಕತ್ತಲು, ಕರಗುತ್ತಿರುವ ಉಕ್ಕು ಮತ್ತು ಜೋಡಿ ಬೂಟುಗಳು. ಅಲ್ಲಿಗೆ ಇಳಿಯುವ ಜಾಣ್ಮೆಯನ್ನು ಮನುಷ್ಯ ಕಲಿತಾಗಿದೆ. ಬರಿಗೈಯಲ್ಲಿ ಮರಳುವ ವಿವೇಕವನ್ನೂ ಅವನು ಕಲಿಯಬೇಕಾಗಿದೆ.